ಶಟ್‌ಡೌನ್ ಕೊಟ್ಟರೆ ಎರರ್ ಬರುತ್ತದೆ, ಸ್ವಿಚ್ ಆಫ್ ಮಾಡಿ ಮಲಗಬಹುದಾ?

ಪ್ರಶ್ನೆ: ನಮ್ಮದು ಸಿಂಧನೂರು. ಮನೆಯವರ ದಲಾಲಿ ಅಂಗಡಿ ಲೆಕ್ಕ, ಮಕ್ಕಳ ಓದು ಎಲ್ಲ ಒಂದೇ ಕಂಪ್ಯೂಟರಿನಲ್ಲಿ. ರಾತ್ರಿ ಶಟ್‌ಡೌನ್ ಕೊಟ್ಟರೆ ‘ದಿಸ್ ಆ್ಯಪ್ ಈಸ್ ಪ್ರಿವೆಂಟಿಂಗ್ ಶಟ್‌ಡೌನ್’ ಅಂತ ಬರ್ತದೆ. ಕೆಲವು ದಿನ ‘ಮೆಮೊರಿ ಕುಡ್ ನಾಟ್ ಬಿ ರೆಡ್’ ಅಂತಾನೂ ಬರ್ತದೆ. ಸಾಕಾಗಿ ಬೋರ್ಡಿನ ಸ್ವಿಚ್ ಆಫ್ ಮಾಡಿ ಮಲಗ್ತೀವಿ. ಇದರಿಂದ ಕಂಪ್ಯೂಟರ್ ಕೆಡ್ತದೇನ್ರಿ?

ಉತ್ತರ: ಅಕ್ಕಾ, ಆ ಮೆಸೇಜಿನಿಂದ ಕಂಪ್ಯೂಟರ್ ಕೆಡಲ್ಲ. ಸ್ವಿಚ್ ಆಫ್ ಮಾಡೋದರಿಂದ ಅಂಗಡಿ ಲೆಕ್ಕದ ಫೈಲ್ ಕೆಡಬಹುದು. ಅದನ್ನು ಇವತ್ತಿಗೇ ಬಿಟ್ಟುಬಿಡಿ.

ರಾತ್ರಿ ಶಟರ್ ಎಳೆಯುವ ಮುಂಚೆ ನಿಮ್ಮ ಮನೆಯವರು ‘ಎಲ್ಲರದೂ ಆಯ್ತಾ?’ ಅಂತ ಒಂದು ಮಾತು ಕೇಳ್ತಾರೆ ಅಲ್ವಾ? ಗುಮಾಸ್ತ ಇನ್ನೂ ಚೀಟಿ ನೋಡಿ ಖಾತೆಗೆ ಏರಿಸುತ್ತಿದ್ದರೆ ಕಾಯುತ್ತಾರೆ. ವಿಂಡೋಸ್ ಮಾಡುವುದೂ ಇದನ್ನೇ. ಶಟ್‌ಡೌನ್ ಒತ್ತಿದ ಕೂಡಲೇ ತೆರೆದಿರುವ ಪ್ರತಿ ಪ್ರೋಗ್ರಾಮನ್ನೂ ‘ಮುಚ್ಚಬಹುದಾ?’ ಅಂತ ಕೇಳುತ್ತದೆ. ಸುಮಾರು 5 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಆ ಪ್ರೋಗ್ರಾಮಿನ ಹೆಸರನ್ನು ಸ್ಕ್ರೀನಿಗೆ ತಂದು ತೀರ್ಮಾನ ನಿಮಗೆ ಬಿಡುತ್ತದೆ. ಕೆಳಗೆ ಎರಡು ಬಟನ್ ಇರುತ್ತವೆ: ‘ಶಟ್‌ಡೌನ್ ಎನಿವೇ’ ಮತ್ತು ‘ಕ್ಯಾನ್ಸಲ್’.

ಹೆಚ್ಚಿನವರು ಮೊದಲನೆಯದನ್ನೇ ಒತ್ತುತ್ತಾರೆ. ನೀವು ಕ್ಯಾನ್ಸಲ್ ಒತ್ತಿ. ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯವರು ಇದೇ ತೊಂದರೆ ಅಂತ ಕರೆದಿದ್ದರು. ಸ್ಕ್ರೀನ್ ಮೇಲೆ ವರ್ಡ್ ಹೆಸರಿತ್ತು. ಕ್ಯಾನ್ಸಲ್ ಒತ್ತಿ, ತೆರೆದಿದ್ದ ವಿಂಡೋಗಳನ್ನು ಒಂದೊಂದಾಗಿ ಕೆಳಗಿಳಿಸಿದೆ. ಬ್ರೌಸರಿನ ಹಿಂದೆ ಅಂಗೈಯಗಲದ ಒಂದು ಡಬ್ಬಿ ಸಿಕ್ಕಿತು, ‘ಸೇವ್ ಮಾಡಬೇಕಾ?’ ಅಂತ. ಅವರ ಮಗಳು ಹಾಸ್ಟೆಲ್ ಅರ್ಜಿಗೆ ಟೈಪ್ ಮಾಡಿಟ್ಟಿದ್ದ ಒಂದೂವರೆ ಪುಟ ಅದು. ಹಿಂದಿನ ದಿನವೂ ಟೈಪ್ ಮಾಡಿದ್ದು ಹೋಗಿತ್ತಂತೆ, ಯಾಕೆ ಅಂತ ಆಗ ಗೊತ್ತಾಯಿತು. ಸೇವ್ ಮಾಡಿ ಮತ್ತೆ ಶಟ್‌ಡೌನ್ ಕೊಟ್ಟೆವು. ಯಾವ ಮೆಸೇಜೂ ಬರಲಿಲ್ಲ.

ಕೆಲವು ಸಲ ನೀವು ತೆರೆದೇ ಇಲ್ಲದ ಪ್ರೋಗ್ರಾಮಿನ ಹೆಸರು ಬರುತ್ತದೆ. ಪ್ರಿಂಟರಿನ ಜೊತೆ ಬಂದ ಸಾಫ್ಟ್‌ವೇರ್, ಕನ್ನಡ ಟೈಪಿಂಗ್ ಸಾಫ್ಟ್‌ವೇರ್, ವಿಡಿಯೋ ಕಾಲ್ ಆ್ಯಪ್ ಇವೆಲ್ಲ ಕಂಪ್ಯೂಟರ್ ಆನ್ ಆದಾಗ ತಾವಾಗಿಯೇ ಶುರುವಾಗಿ ಗಡಿಯಾರದ ಪಕ್ಕ ಸುಮ್ನೆ ಕೂತಿರುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟ್‌ಅಪ್ ಪಟ್ಟಿ ನೋಡಿ. ದಿನಾ ಬೇಕಾಗದ್ದನ್ನು ಡಿಸೇಬಲ್ ಮಾಡಿ. ಆ್ಯಂಟಿವೈರಸ್ಸನ್ನು ಮಾತ್ರ ಮುಟ್ಟಬೇಡಿ.

‘ಟಾಸ್ಕ್ ಹೋಸ್ಟ್ ವಿಂಡೋ’ ಅಂತ ಬಂದರೆ ಹೆದರಬೇಡಿ, ಅದು ವೈರಸ್ ಅಲ್ಲ. ವಿಂಡೋಸ್ ತನ್ನ ಒಳಗಿನ ಕೆಲಸಗಳನ್ನು ಅದರ ಮೂಲಕ ಮಾಡಿಸುತ್ತದೆ. ಒಂದೆರಡು ನಿಮಿಷ ಕಾಯಿರಿ. ದಿನಾ ಬರುತ್ತಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟು ನೋಡಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟ್‌ಅಪ್’ ಅಂತ ಒಂದು ಏರ್ಪಾಡಿದೆ. ಮಾರನೇ ದಿನ ಬೇಗ ಆನ್ ಆಗಲಿ ಅಂತ ವಿಂಡೋಸ್ ತನ್ನ ಒಳಭಾಗವನ್ನು ಪೂರ್ತಿ ಮುಚ್ಚದೆ ಡಿಸ್ಕಿನಲ್ಲಿ ಹಾಗೇ ಎತ್ತಿಡುತ್ತದೆ. ನಿನ್ನೆಯ ತೊಡಕೂ ಅದರ ಜೊತೆಗೇ ವಾಪಸ್ ಬರಬಹುದು. ಶಿಫ್ಟ್ ಹಿಡಿದರೆ ಪೂರ್ತಿ ಮುಚ್ಚುತ್ತದೆ, ರೀಸ್ಟಾರ್ಟ್ ಕೊಟ್ಟರೂ ಅಷ್ಟೇ.

ಈಗ ಆ ಮೆಮೊರಿ ಎರರ್. ಇದನ್ನು ನೋಡಿ ಕಂಪ್ಯೂಟರಿನ ಮೆಮೊರಿ ಚಿಪ್, ಅಂದರೆ ರ‍್ಯಾಮ್ ಹೋಯಿತು ಅಂದುಕೊಂಡು ಹೊಸದು ಹಾಕಿಸಿದವರನ್ನು ನೋಡಿದ್ದೇನೆ. ದುಡ್ಡು ಹೋಯಿತು, ಎರರ್ ಹೋಗಲಿಲ್ಲ. ಮೆಸೇಜಿನಲ್ಲಿರುವ ಉದ್ದನೆಯ ಸಂಖ್ಯೆ ಮೆಮೊರಿಯ ಒಂದು ಜಾಗದ ವಿಳಾಸ. ಮುಚ್ಚುವ ಗಡಿಬಿಡಿಯಲ್ಲಿ ಪ್ರೋಗ್ರಾಮಿನ ಒಂದು ಭಾಗ ಆ ಜಾಗ ಖಾಲಿ ಮಾಡಿರುತ್ತದೆ. ಇನ್ನೊಂದು ಭಾಗ ಅದೇ ವಿಳಾಸ ಹುಡುಕಿಕೊಂಡು ಹೋಗುತ್ತದೆ. ಮನೆ ಬಿಟ್ಟು ಹೋದವರ ಬಾಗಿಲು ತಟ್ಟಿದ ಹಾಗೆ. ಶಟ್‌ಡೌನ್ ಹೊತ್ತಲ್ಲಿ ಮಾತ್ರ ಬಂದರೆ ತಪ್ಪು ಸಾಮಾನ್ಯವಾಗಿ ಆ ಪ್ರೋಗ್ರಾಮಿನದೇ. ಮೆಸೇಜಿನ ಮೇಲ್ತುದಿಯಲ್ಲಿ ಅದರ ಹೆಸರಿರುತ್ತದೆ. ಅದನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದು ಮತ್ತೆ ಹಾಕಿ. ಕೆಲಸ ಮಾಡುವಾಗಲೂ ನೀಲಿ ಸ್ಕ್ರೀನ್ ಬಂದು ನಿಂತುಬಿಡುತ್ತಿದ್ದರೆ ಮಾತು ಬೇರೆ. ಆಗ ವಿಂಡೋಸಿನಲ್ಲೇ ಇರುವ ‘ಮೆಮೊರಿ ಡಯಾಗ್ನಾಸ್ಟಿಕ್’ ಓಡಿಸಿ ರ‍್ಯಾಮ್ ಪರೀಕ್ಷೆ ಮಾಡಿ.

ಮೆಸೇಜ್ ಓದುವಷ್ಟರಲ್ಲೇ ಮಾಯವಾಗುತ್ತದಾ? ಸ್ಟಾರ್ಟಿನಲ್ಲಿ ಇಂಗ್ಲಿಷಿನಲ್ಲಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿ. ತಾರೀಖಿನ ಪ್ರಕಾರ ಒಂದು ಪಟ್ಟಿ ತೆರೆಯುತ್ತದೆ. ಕೆಂಪು ಗುರುತಿರುವ ದಿನವನ್ನು ಒತ್ತಿದರೆ ಯಾವ ಪ್ರೋಗ್ರಾಮ್ ಎಷ್ಟು ಗಂಟೆಗೆ ಬಿತ್ತು ಅಂತ ಕಾಣುತ್ತದೆ.

ಈ ಮೆಸೇಜೇ ಬರದ ಹಾಗೆ ‘ಆಟೋ ಎಂಡ್ ಟಾಸ್ಕ್ಸ್’ ಸೆಟ್ ಮಾಡಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಅದು ಕೇಳದೇ ಎಲ್ಲವನ್ನೂ ಬಲವಂತವಾಗಿ ಮುಚ್ಚುತ್ತದೆ. ಲೆಕ್ಕ ಸೇವ್ ಆಗಿರದಿದ್ದರೆ ಹೋದಂತೆಯೇ.

ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಅಂತ ಬಂದಾಗಂತೂ ಸ್ವಿಚ್ ಮುಟ್ಟಲೇಬಾರದು. ಅರ್ಧಕ್ಕೆ ನಿಂತರೆ ಮಾರನೇ ದಿನ ವಿಂಡೋಸ್ ತೆರೆಯದೇ ಹೋಗಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗಾಳಿ ಎದ್ದರೆ ನಮ್ಮ ಕಡೆ ಕರೆಂಟ್ ಹೋಗೋದು ನಿಮಗೂ ಗೊತ್ತು. ಮನೆಯ ಸಣ್ಣ ಯುಪಿಎಸ್ ಜಾಸ್ತಿ ಹೊತ್ತು ತಡೆಯಲ್ಲ. ಹಾಗಾಗಿ ಅಪ್‌ಡೇಟನ್ನು ಬೆಳಿಗ್ಗೆ ಹಾಕಿ.

ಅರ್ಧ ಗಂಟೆ ಕಾದರೂ ಮೌಸ್ ಅಲ್ಲಾಡದೆ, ಡಿಸ್ಕಿನ ದೀಪವೂ ಮಿನುಗದೆ ಇದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿಯಿರಿ. 4 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿದರೆ ಸಾಮಾನ್ಯವಾಗಿ ಆಫ್ ಆಗುತ್ತದೆ. ಇದೂ ಸ್ವಿಚ್ ಆಫ್ ಮಾಡಿದ ಹಾಗೇ, ಹಾಗಾಗಿ ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಇವತ್ತು ರಾತ್ರಿ ಮೆಸೇಜ್ ಬಂದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕಳಿಸಿ. ಪ್ರೋಗ್ರಾಮಿನ ಹೆಸರು ಓದುವ ಹಾಗಿರಲಿ, ಅದನ್ನು ನೋಡಿ ಮುಂದಿನದು ಹೇಳುತ್ತೇನೆ.