ಟ್ರೆಸೆ: ಮನಿಲಾದ ದೆವ್ವಗಳ ಹಿಂದಿರುವ ನಾನೂರು ವರ್ಷ

ಫಿಲಿಪೀನ್ಸ್ ರಾಜಧಾನಿ ಮನಿಲಾಕ್ಕೆ ಅಂಟಿಕೊಂಡಿರುವ ಕ್ವೆಜಾನ್ ಸಿಟಿಯಲ್ಲಿ ಬಲೆತೆ ಡ್ರೈವ್ ಎಂಬ ರಸ್ತೆ ಇದೆ. ಬಲೆತೆ ನಮ್ಮ ಆಲದ ಜಾತಿಗೇ ಸೇರಿದ ಮರ. ರಾತ್ರಿ ಹೊತ್ತು ಅಲ್ಲಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ಕಾಣಿಸಿಕೊಳ್ಳುತ್ತಾಳೆ ಅನ್ನುವ ಮಾತು ದಶಕಗಳಿಂದ ಇದೆ. 2021ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಆರು ಕಂತುಗಳ ಅನಿಮೇಷನ್ ಸರಣಿ ‘ಟ್ರೆಸೆ’ಯಲ್ಲಿ ಮೊದಲ ಕೇಸೇ ಆ ದೆವ್ವದ ಕೊಲೆ. ಸತ್ತವಳನ್ನು ಮತ್ತೆ ಕೊಂದವರು ಯಾರು?

ಪತ್ತೆ ಹಚ್ಚಲು ಬರುವವಳು ಅಲೆಕ್ಸಾಂಡ್ರಾ ಟ್ರೆಸೆ. ಪೊಲೀಸರಿಗೆ ಅರ್ಥವಾಗದ ಕೇಸುಗಳೆಲ್ಲ ಅವಳ ಪಾಲಿಗೆ. ಸುಳಿವು ಬೇಕಾದಾಗ ಮ್ಯಾನ್‌ಹೋಲ್‌ನಲ್ಲಿ ವಾಸವಿರುವ ನುನೋ ಎಂಬ ಕುಳ್ಳ ಜೀವಿಯನ್ನು ಕೂಗುತ್ತಾಳೆ. ಹಳ್ಳಿಯ ಕಥೆಗಳಲ್ಲಿ ನುನೋ ಇರುವುದು ಹುತ್ತದಲ್ಲಿ. ನಗರದಲ್ಲಿ ಹುತ್ತ ಎಲ್ಲಿಂದ ಬರಬೇಕು? ಮಾಹಿತಿಗೆ ಬದಲಾಗಿ ಅವನಿಗೆ ಸಿಗುವುದು ಚಾಕ್‌ನಟ್, ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಕಡಲೆಕಾಯಿ ಮಿಠಾಯಿ. ಕುದುರೆ ತಲೆಯ ಟಿಕ್‌ಬಲಾಂಗ್‌ಗಳು ಬೈಕ್ ರೇಸ್ ಮಾಡುತ್ತವೆ. ಇವರೆಲ್ಲ ಈ ಊರಿನ ನಿವಾಸಿಗಳು, ಮನುಷ್ಯರ ಜೊತೆ ಇವರಿಗೊಂದು ಒಪ್ಪಂದವಿದೆ. ಅದನ್ನು ಕಾಯುವುದೇ ಅಲೆಕ್ಸಾಂಡ್ರಾಳ ಕೆಲಸ.

ಇದರ ಮೂಲ ಕಾಮಿಕ್ಸ್. ಬಜೆಟ್ ಟಾನ್ ಬರೆದು ಕಾಜೋ ಬಾಲ್ಡಿಸಿಮೋ ಚಿತ್ರ ಬಿಡಿಸಿ, 2005ರಲ್ಲಿ ಜೆರಾಕ್ಸ್ ಪ್ರತಿಗಳಲ್ಲಿ ಶುರು ಮಾಡಿದ್ದು. ಮೊದಲು ಯೋಚಿಸಿದ್ದು ಆಂಟನ್ ಟ್ರೆಸೆ ಎಂಬ ಗಂಡಸಿನ ಕಥೆ. ಆಮೇಲೆ ಆಂಟನ್ ಅಪ್ಪನಾದ, ಮಗಳು ಮುಂದೆ ಬಂದಳು. ನನ್ನ ಮಟ್ಟಿಗೆ ಇಡೀ ಕಥೆಗೆ ಜೀವ ಬಂದದ್ದು ಈ ಬದಲಾವಣೆಯಿಂದ. ಯಾಕೆಂದರೆ ಅವಳು ಬಬಾಯ್ಲಾನ್.

ಸ್ಪೇನಿನವರು ಬರುವ ಮುಂಚೆ ಫಿಲಿಪೀನ್ಸ್ ದ್ವೀಪಗಳಲ್ಲಿ ರೋಗಕ್ಕೆ ಮದ್ದು ಕೊಡುತ್ತಿದ್ದವರು, ಆತ್ಮಗಳ ಜೊತೆ ಮಾತಾಡುತ್ತಿದ್ದವರು ಬಬಾಯ್ಲಾನ್‌ಗಳು. ಹೆಚ್ಚಿನವರು ಹೆಂಗಸರು. ತಗಾಲೊಗ್ ಸೀಮೆಯಲ್ಲಿ ಇಂಥವರಿಗೆ ಕತಲೋನನ್ ಅನ್ನುತ್ತಿದ್ದರು. 1589ರಲ್ಲಿ ಹುವಾನ್ ದೆ ಪ್ಲಾಸೆನ್ಸಿಯಾ ಎಂಬ ಪಾದ್ರಿ ‘ಸೈತಾನನ ಪೂಜಾರಿಗಳು’ ಎಂದು ಒಂದು ಪಟ್ಟಿ ಮಾಡಿದ. ಅದರಲ್ಲಿ ಮೊದಲ ಹೆಸರೇ ಕತಲೋನನ್. ಜನ ಅವರನ್ನು ಗೌರವಿಸುತ್ತಾರೆ ಎಂದು ಅವನೇ ಬರೆದಿದ್ದಾನೆ. ಅದೇ ಪಟ್ಟಿಯಲ್ಲಿ ಹಾರಿಬಂದು ಮನುಷ್ಯರನ್ನು ತಿನ್ನುವ ಅಸ್ವಾಂಗ್ ಕೂಡ ಇದೆ! ಮದ್ದು ಕೊಡುವವಳು, ರಕ್ತ ಕುಡಿಯುವವಳು ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು. ಮುಂದಿನ ಮುನ್ನೂರು ವರ್ಷ ಚರ್ಚ್ ಕಲಿಸಿದ್ದು ಇದನ್ನೇ.

ಅಸ್ವಾಂಗ್ ಭಯವನ್ನು ಬಳಸಿಕೊಂಡವರು ಪಾದ್ರಿಗಳಷ್ಟೇ ಅಲ್ಲ. 1950ರ ದಶಕದ ಆರಂಭದಲ್ಲಿ ಹುಕ್ ರೈತ ಗೆರಿಲ್ಲಾಗಳನ್ನು ಹತ್ತಿಕ್ಕಲು ಅಮೆರಿಕದ ಸೇನಾಧಿಕಾರಿ ಎಡ್ವರ್ಡ್ ಲ್ಯಾನ್ಸ್‌ಡೇಲ್ ಅಲ್ಲಿದ್ದ. ಆಗ ನಡೆದದ್ದನ್ನು ಅವನೇ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಗುಡ್ಡದ ಮೇಲೆ ಅಸ್ವಾಂಗ್ ಇದೆ ಎಂದು ಮೊದಲು ಊರಲ್ಲಿ ಸುದ್ದಿ ಹಬ್ಬಿಸಿದರು. ಒಂದು ರಾತ್ರಿ ಹುಕ್ ಗಸ್ತಿನ ಸಾಲಿನಲ್ಲಿ ಕೊನೆಯವನನ್ನು ಸದ್ದಿಲ್ಲದೆ ಹಿಡಿದರು. ಕುತ್ತಿಗೆಗೆ ಎರಡು ತೂತು ಕೊರೆದು, ಕಾಲು ಹಿಡಿದು ತಲೆಕೆಳಗೆ ಮಾಡಿ ರಕ್ತವೆಲ್ಲ ಬಸಿದರು. ಹೆಣವನ್ನು ಮತ್ತೆ ದಾರಿಯಲ್ಲೇ ಬಿಟ್ಟರು. ಗೆರಿಲ್ಲಾಗಳು ಆ ಗುಡ್ಡ ಬಿಟ್ಟು ಹೋದರು. ಅಜ್ಜಿ ಕಥೆಯೊಂದು ಯುದ್ಧದ ಆಯುಧವಾಯಿತು. ಇದನ್ನು ಓದಿದ ಮೇಲೆ ನನಗೆ ಆ ಸರಣಿ ಸುಮ್ನೆ ಹಾರರ್ ಆಗಿ ಕಾಣಲೇ ಇಲ್ಲ.

ಸಿನಿಮಾ, ಕಾಮಿಕ್ಸ್ ಕೂಡ ಈ ಭೂತಗಳನ್ನು ಬಿಡಲಿಲ್ಲ. 1933ರಲ್ಲಿ ಬಂದ ಅಲ್ಲಿನ ಮೊದಲ ಟಾಕಿ ಎನ್ನಲಾಗುವ ಚಿತ್ರದ ಹೆಸರೇ ‘ಆಂಗ್ ಅಸ್ವಾಂಗ್’. ಅನಿಮೇಷನ್ ಕಥೆ ಬೇರೆ. 1980ರ ದಶಕದಿಂದ ಮನಿಲಾದ ಕಲಾವಿದರು ಅಮೆರಿಕ, ಜಪಾನ್ ಸ್ಟುಡಿಯೋಗಳಿಗೆ ಬೇರೆಯವರ ಕಾರ್ಟೂನ್ ಬಿಡಿಸಿಕೊಡುತ್ತಿದ್ದರು. ತಮ್ಮ ದೆವ್ವಗಳು ಜಗತ್ತಿನ ಪರದೆಗೆ ಬರಲು 2021ರವರೆಗೆ ಕಾಯಬೇಕಾಯಿತು. ಅದೂ ಫಿಲಿಪಿನೋ ಅಮೆರಿಕನ್ ನಿರ್ದೇಶಕ ಜೇ ಒಲಿವಾ ನೇತೃತ್ವದಲ್ಲಿ.

ಸರಣಿಯಲ್ಲಿ ಅತಿ ಕೆಟ್ಟದ್ದನ್ನು ಮಾಡುವವರಲ್ಲಿ ಮನುಷ್ಯರೂ ಇದ್ದಾರೆ. ಮೇಯರ್ ಸಾಂತಾಮರಿಯಾ ಅಧಿಕಾರದ ಆಸೆಗೆ ಕತ್ತಲ ಶಕ್ತಿಗಳ ಜೊತೆ ಕೈ ಜೋಡಿಸುತ್ತಾನೆ. ಅಂಥವರಿಂದ ಊರನ್ನು ಕಾಯುವವಳು ಅಲೆಕ್ಸಾಂಡ್ರಾ. ಹೀಗೆ ಬಬಾಯ್ಲಾನ್‌ಗೆ ಅವಳ ಹಳೆಯ ಜಾಗ ವಾಪಸ್ ಸಿಕ್ಕಿದೆ. ಆದರೆ ಅಸ್ವಾಂಗ್‌ಗಳಿಗೆ ಆ ಅದೃಷ್ಟವಿಲ್ಲ, ಇಲ್ಲೂ ಅವು ಹೆಚ್ಚಾಗಿ ರೌಡಿ ಗುಂಪುಗಳೇ. 1589ರ ಪಟ್ಟಿಯಿಂದ ಒಬ್ಬಳನ್ನು ಬಿಡಿಸಿ ತಂದವರು ಉಳಿದವರ ಕಡೆಗೂ ಸ್ವಲ್ಪ ಜಾಸ್ತಿ ನೋಡಬಹುದಿತ್ತು, ಅಲ್ವಾ?