ಭಾರ ಬೇಡುವ ಮೂಳೆ, ಜಾರಿಸುವ ಬಚ್ಚಲು

ನಮ್ಮ ಆಡುಮಾತಿನ ‘ಮೂಳೆ ಸವೆತ’ ಎರಡು ಬೇರೆ ಬೇರೆ ಕಾಯಿಲೆಗಳಿಗೆ ಸಲ್ಲುತ್ತದೆ. ಮಂಡಿಯ ಮೃದ್ವಸ್ಥಿ ಸವೆದು ನೋಯುವುದು ಒಂದು. ಮೂಳೆಯೊಳಗಿನ ಜಾಲರಿ ತೆಳುವಾಗಿ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇನ್ನೊಂದು. ಈ ಎರಡನೆಯದು ಸಾಮಾನ್ಯವಾಗಿ ನೋವು ಕೊಡುವುದಿಲ್ಲವಾದ್ದರಿಂದ ಅನೇಕರಿಗೆ ಅದು ತಿಳಿಯುವುದು ಮೂಳೆ ಮುರಿದ ದಿನವೇ.

ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಮತ್ತು ಹೊಸದನ್ನು ಕಟ್ಟುವ ಜೀವಕೋಶಗಳು ಸದಾ ದುಡಿಯುತ್ತಿರುತ್ತವೆ. ಎಲ್ಲಿ ಎಷ್ಟು ಕಟ್ಟಬೇಕೆಂಬುದು ಬಹುಮಟ್ಟಿಗೆ ಅದರ ಮೇಲೆ ಬೀಳುವ ಭಾರದಿಂದ ನಿರ್ಧಾರವಾಗುತ್ತದೆ. ಅಂತರಿಕ್ಷದಲ್ಲಿ ಭಾರವೇ ಇಲ್ಲದ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ 1ರಷ್ಟು ಸಾಂದ್ರತೆ ಕಳೆದುಕೊಳ್ಳುವುದು ಇದೇ ಕಾರಣಕ್ಕೆ.

ಹಾಗಾದರೆ ವಯಸ್ಸಾದವರು ಭಾರ ಎತ್ತಬಹುದೇ? ಆಸ್ಟ್ರೇಲಿಯಾದ ‘ಲಿಫ್ಟ್‌ಮೋರ್’ ಅಧ್ಯಯನದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ ಮಹಿಳೆಯರು ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆರಡು ಬಾರಿ, ಅರ್ಧ ಗಂಟೆ, ಭಾರವಾದ ತೂಕ ಎತ್ತಿದರು. ಎಂಟು ತಿಂಗಳಲ್ಲಿ ಅವರ ಕೆಳಬೆನ್ನಿನ ಮೂಳೆ ಸಾಂದ್ರತೆ ಶೇ 2.9ರಷ್ಟು ಏರಿತು, ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದು ಶೇ 1.2ರಷ್ಟು ಇಳಿಯಿತು. ಬರೀ ವಾಕಿಂಗ್ ಸಾಕೆಂದು ನಂಬಿದವರು ಗಮನಿಸಬೇಕಾದ ಅಂಕಿ ಇದು. ಆದರೆ ಗುರುವಿಲ್ಲದೆ ಇದನ್ನು ಶುರುಮಾಡುವಂತಿಲ್ಲ.

ಎಲ್ಲ ವ್ಯಾಯಾಮವೂ ಒಳ್ಳೆಯದೆಂದಲ್ಲ. 1984ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಚಿಕ್ಕ ಅಧ್ಯಯನವೊಂದರಲ್ಲಿ, ಬೆನ್ನನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದ ಆಸ್ಟಿಯೊಪೊರೋಸಿಸ್ ರೋಗಿಗಳಲ್ಲಿ ಶೇ 89 ಮಂದಿಗೆ ಬೆನ್ನೆಲುಬಿನ ಹೊಸ ಕುಸಿತಗಳಾದವು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಆ ಪ್ರಮಾಣ ಶೇ 16. ಆದ್ದರಿಂದ ಬೆನ್ನೆಲುಬು ಟೊಳ್ಳಾದವರು, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನವನ್ನು ಬಿಡುವುದೇ ಕ್ಷೇಮ. ಯೋಗ ಶಿಕ್ಷಕರಿಗೆ ಇದನ್ನು ಮೊದಲೇ ಹೇಳಬೇಕು.

ಆಹಾರದ ವಿಷಯದಲ್ಲಿ ರಾಗಿ ನಮ್ಮ ಅದೃಷ್ಟ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ಸಹಜವಾಗಿರುವ ಫೈಟೇಟ್ ಎಂಬ ರಾಸಾಯನಿಕ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುತ್ತದಾದರೂ ಮೊಳಕೆ ಕಟ್ಟಿಸಿದರೆ ಆ ಅಡ್ಡಿ ತಗ್ಗುತ್ತದೆ. ಬೇಳೆ, ಮೊಟ್ಟೆಗಳ ಪ್ರೋಟೀನ್ ಸಹ ಬೇಕು.

ಇಷ್ಟೆಲ್ಲ ಮಾಡಿಯೂ ಬಿದ್ದರೆ ಮೂಳೆ ಮುರಿದೀತು. ಸೊಂಟದ ಮುರಿತಗಳಲ್ಲಿ ಹೆಚ್ಚಿನವು ಬಿದ್ದುದರ ಫಲ. ಒಂಟಿಕಾಲಿನಲ್ಲಿ ನಿಲ್ಲುವ, ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸಗಳು ಬೀಳುವುದನ್ನು ತಗ್ಗಿಸುತ್ತವೆ. ಸಮತೋಲ ತಪ್ಪುವವರು ಹತ್ತಿರದಲ್ಲೇ ಆಸರೆ ಇಟ್ಟುಕೊಳ್ಳಬೇಕು. ಮನೆಯಲ್ಲಿ ನೋಡಬೇಕಾದ್ದು ಬಚ್ಚಲಿನ ಪಾಚಿ, ಸವೆದ ಹವಾಯಿ ಚಪ್ಪಲಿ, ನಯಗಲ್ಲಿನ ಮೇಲೆ ಸರಿಯುವ ಕಾಲೊರಸು, ಹಾಸಿಗೆಯಿಂದ ಶೌಚಾಲಯದವರೆಗಿನ ಕತ್ತಲೆ ದಾರಿ. ರಾತ್ರಿ ನಿದ್ರೆ ಮಾತ್ರೆ ನುಂಗುವ ಅಜ್ಜಿ ಆ ದಾರಿಯಲ್ಲಿ ಎರಡು ಸಲ ಎದ್ದು ಹೋಗುತ್ತಾರಾದರೆ, ಅಲ್ಲೊಂದು ಸಣ್ಣ ದೀಪ, ಗೋಡೆಗೊಂದು ಹಿಡಿಕೆ ಇಂದೇ ಬೇಕು.