ಅಪ್ಡೇಟ್ ಆದಮೇಲೆ ಸ್ಕ್ರೀನ್ ಕಪ್ಪು: ಉಬುಂಟು ಮತ್ತೆ ಹಾಕಬೇಕಾ?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ, ಎನ್ವಿಡಿಯಾ ಕಾರ್ಡ್ ಇದೆ. ಅಪ್ಡೇಟ್ ಹಾಕಿ ರೀಸ್ಟಾರ್ಟ್ ಮಾಡಿದೆ. ಲೋಗೋ ಬರುತ್ತೆ, ಆಮೇಲೆ ಪೂರ್ತಿ ಕಪ್ಪು. ಒಮ್ಮೊಮ್ಮೆ ಒಳಗೆ ಹೋಗುತ್ತೆ, ಆದರೆ ಅಕ್ಷರಗಳೆಲ್ಲ ದಪ್ಪದಪ್ಪ, ಎರಡನೇ ಮಾನಿಟರ್ ಕಾಣಿಸೋದೇ ಇಲ್ಲ. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕೋದೊಂದೇ ದಾರಿಯಾ?

ಉತ್ತರ: ಫಾರ್ಮ್ಯಾಟ್ ಬೇಡ. ನಿಮ್ಮ ಫೈಲುಗಳಿಗೆ ಏನೂ ಆಗಿರುವುದಿಲ್ಲ, ಕಾರ್ಡೂ ಸುಟ್ಟಿರುವುದಿಲ್ಲ. ಹೆಚ್ಚಿನ ಸಲ ಆಗಿರುವುದು ಇಷ್ಟೇ: ಅಪ್ಡೇಟಿನ ಜೊತೆ ಹೊಸ ಕರ್ನಲ್ (ಸಿಸ್ಟಮ್ಮಿನ ತಿರುಳು) ಬಂದಿದೆ, ಆ ಕರ್ನಲ್‌ಗೆ ಹೊಂದುವ ಎನ್ವಿಡಿಯಾ ಮಾಡ್ಯೂಲ್ (ಕಾರ್ಡ್ ನಡೆಸುವ ಡ್ರೈವರಿನ ಒಂದು ತುಂಡು) ತಯಾರಾಗಿಲ್ಲ. ಇಡೀ ಸಿಸ್ಟಮ್ ಮತ್ತೆ ಹಾಕಿದರೆ ಸರಿಹೋಗಬಹುದು, ನಿಜ. ಆದರೆ ಯಾಕೆ ಕೆಟ್ಟಿತು ಅನ್ನುವುದು ಗೊತ್ತಾಗುವುದಿಲ್ಲ, ಮುಂದಿನ ಕರ್ನಲ್ ಬಂದಾಗ ಮತ್ತದೇ ಕಥೆ.

(ಕೆಳಗೆ ಕಮಾಂಡುಗಳನ್ನು ಓದುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಸಣ್ಣ ಅಕ್ಷರ. ಹೈಫನ್ ಇದ್ದಲ್ಲಿ ಹೈಫನ್, ಎರಡು ಇದ್ದಲ್ಲಿ ಎರಡು.)

ಮೊದಲು ಒಳಗೆ ಹೋಗಬೇಕು. ಉಬುಂಟು ಹೊಸ ಕರ್ನಲ್ ಹಾಕಿದಾಗ ಹಳೆಯದನ್ನು ತಕ್ಷಣ ಅಳಿಸುವುದಿಲ್ಲ. ಆನ್ ಮಾಡಿದ ಕೂಡಲೇ, ಕಂಪನಿಯ ಲೋಗೋ ಮಾಯವಾಗುವ ಹೊತ್ತಿಗೆ ಎಸ್ಕೇಪ್ ಒಂದು ಸಲ ಒತ್ತಿ; ಹಳೆ ಬಯೋಸ್ ಮಷೀನಾದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನು, ಅಂದರೆ ಯಾವುದರಿಂದ ಶುರು ಮಾಡಬೇಕು ಎಂದು ಆರಿಸುವ ಪಟ್ಟಿ, ಬರುತ್ತದೆ. ಎಸ್ಕೇಪ್ ಪದೇಪದೇ ಒತ್ತಿದರೆ ಮೆನು ದಾಟಿ 'ಗ್ರಬ್' ಅಂತ ಬರೀ ಪ್ರಾಂಪ್ಟ್ ಬಂದು ಕೂರುತ್ತದೆ. ಹಾಗಾದರೆ ಗಾಬರಿ ಬೇಡ, ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ನೋಡಿ. ಮೆನುವಿನಲ್ಲಿ ಎರಡನೇ ಸಾಲು 'ಅಡ್ವಾನ್ಸ್ಡ್ ಆಪ್ಷನ್ಸ್'. ಅದರೊಳಗೆ ಕರ್ನಲ್‌ಗಳ ಪಟ್ಟಿ ಇದೆ, ಹೊಸದು ಮೇಲೆ, ಹಳೆಯದು ಕೆಳಗೆ. ರಿಕವರಿ ಅಂತ ಬರೆದಿಲ್ಲದ ಹಳೆಯ ಸಾಲನ್ನು ಆರಿಸಿ ಎಂಟರ್ ಒತ್ತಿ.

ಡೆಸ್ಕ್‌ಟಾಪ್ ಮೊದಲಿನ ಹಾಗೇ ಬಂತೇ? ಹಾಗಿದ್ದರೆ ಅರ್ಧ ಪತ್ತೇದಾರಿ ಕೆಲಸ ಮುಗಿಯಿತು. ಕಾರ್ಡ್ ಸರಿ ಇದೆ, ಡ್ರೈವರ್ ಪ್ಯಾಕೇಜ್ ಸರಿ ಇದೆ, ಹೊಸ ಕರ್ನಲ್‌ಗೂ ಡ್ರೈವರ್‌ಗೂ ನಡುವೆ ಏನೋ ತಪ್ಪಿದೆ. ತುರ್ತು ಕೆಲಸ ಇದ್ದರೆ ಎರಡು ದಿನ ಹಳೆ ಕರ್ನಲ್‌ನಲ್ಲೇ ಓಡಿಸಿ, ಏನೂ ಆಗುವುದಿಲ್ಲ.

ಅದರಲ್ಲೂ ಕಪ್ಪೇ ಬಂದರೆ, ಕರ್ನಲ್ ಜೊತೆಗೆ ಡ್ರೈವರ್ ಕೂಡ ಅದೇ ಅಪ್ಡೇಟಿನಲ್ಲಿ ಬದಲಾಗಿರುವ ಸಾಧ್ಯತೆ ಇದೆ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ನೋಡಿ. ಬರೀ ಅಕ್ಷರಗಳ ಲಾಗಿನ್ ಬರಬಹುದು, ಅಲ್ಲಿಂದಲೇ ಮುಂದಿನ ಕೆಲಸವೆಲ್ಲ ಮಾಡಬಹುದು. ಅದೂ ಬರಲಿಲ್ಲವೆಂದರೆ ಗ್ರಬ್‌ನಲ್ಲಿ ಕರ್ನಲ್ ಸಾಲಿನ ಮೇಲೆ ನಿಂತು 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಉದ್ದನೆಯ ಸಾಲಿನ ಕೊನೆಗೆ ಒಂದು ಸ್ಪೇಸ್ ಕೊಟ್ಟು 'ನೋಮೋಡ್‌ಸೆಟ್' ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ರೆಸಲ್ಯೂಶನ್ ಕೆಟ್ಟದಾಗಿ ಕಾಣುತ್ತದೆ, ಆದರೆ ಕಾಣುತ್ತದೆ. ಇದನ್ನೇ ಕಾಯಂ ಮಾಡಿಕೊಂಡು 'ಸರಿಹೋಯ್ತು' ಅಂತ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಹಾಗೆ ಮಾಡಿದರೆ ಕಾರ್ಡ್ ಸುಮ್ಮನೆ ಕೂತಿರುತ್ತದೆ, ಚಿತ್ರ ಬಿಡಿಸುವ ಕೆಲಸವೆಲ್ಲ ಸಿಪಿಯು ತಲೆಗೆ, ಫ್ಯಾನ್ ಕಿರುಚುತ್ತಿರುತ್ತದೆ.

ಇನ್ನು ಕಾರಣ. ಎನ್ವಿಡಿಯಾ ಡ್ರೈವರ್‌ನ ಒಂದು ತುಂಡು ಕರ್ನಲ್‌ನ ಒಳಗೆ ಕೂತು ಕೆಲಸ ಮಾಡಬೇಕು. ಅದನ್ನು ಅಳತೆ ಕೊಟ್ಟು ಹೊಲಿಸಿದ ರವಿಕೆ ಅಂದುಕೊಳ್ಳಿ. ಒಂದು ಕರ್ನಲ್‌ಗೆಂದು ಹೊಲಿದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಲಿನಕ್ಸ್ ಕರ್ನಲ್ ತನ್ನ ಒಳಗಿನ ಜೋಡಣೆಗಳನ್ನು ಆವೃತ್ತಿಯಿಂದ ಆವೃತ್ತಿಗೆ ಬದಲಿಸುತ್ತಲೇ ಇರುತ್ತದೆ. ಬೇಕೆಂದೇ ಮಾಡುವ ಕೆಲಸವಿದು. ಕರ್ನಲ್ ಕಟ್ಟುವವರಲ್ಲಿ ಒಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ, ಕರ್ನಲ್ ಸೋರ್ಸ್ ಜೊತೆಗೇ ಬರುವ ಒಂದು ಟಿಪ್ಪಣಿ ಇದನ್ನು ಮುಚ್ಚುಮರೆಯಿಲ್ಲದೆ ಸಮರ್ಥಿಸುತ್ತದೆ. ಎಎಂಡಿ ಮತ್ತು ಇಂಟೆಲ್ ಡ್ರೈವರ್‌ಗಳು ಕರ್ನಲ್ ಸೋರ್ಸ್ ಒಳಗೇ ಇವೆ, ಹಾಗಾಗಿ ಜೋಡಣೆ ಬದಲಿಸಿದವರೇ ಅವುಗಳನ್ನೂ ತಿದ್ದುತ್ತಾರೆ. ಎನ್ವಿಡಿಯಾದ್ದು ಹೊರಗಿದೆ. ಹೊರಗಿದ್ದವರು ಹಿಂದೆ ಓಡಬೇಕು.

'ಎನ್ವಿಡಿಯಾ ಈಗ ಓಪನ್ ಸೋರ್ಸ್ ಆಯ್ತಲ್ಲ' ಎಂದು ಕೆಲವರು ಕೇಳುತ್ತಾರೆ. 2022ರ ಮೇನಲ್ಲಿ ಕಂಪನಿ ಕರ್ನಲ್ ಮಾಡ್ಯೂಲ್‌ನ ಸೋರ್ಸ್ ಬಿಡುಗಡೆ ಮಾಡಿದ್ದು ಹೌದು. ಆದರೆ ಅದು ಈಗಲೂ ಕರ್ನಲ್‌ನ ಹೊರಗೇ ಇರುವ ಮಾಡ್ಯೂಲ್. ಆದ್ದರಿಂದ ನಿಮ್ಮ ಕಪ್ಪು ಸ್ಕ್ರೀನಿನ ಮಟ್ಟಿಗೆ ಹೆಚ್ಚೇನೂ ಬದಲಾಗಿಲ್ಲ.

ಹೊಸ ಕರ್ನಲ್ ಬಂದಾಗೆಲ್ಲ ಮಾಡ್ಯೂಲನ್ನು ಮತ್ತೆ ಕಟ್ಟಿಕೊಡುವ ಕೆಲಸ ಡಿಕೆಎಂಎಸ್‌ನದು. ಡೆಲ್ ಕಂಪನಿಯ ಲಿನಕ್ಸ್ ತಂಡ 2003ರ ಹೊತ್ತಿಗೆ ಮಾಡಿದ ಸಾಧನ ಇದು, ಇವತ್ತಿಗೂ ಅದೇ ನಡೆಯುತ್ತಿದೆ. ಟರ್ಮಿನಲ್ ತೆರೆದು 'ಡಿಕೆಎಂಎಸ್ ಸ್ಟೇಟಸ್' ಎಂದು ಕೊಡಿ. ಒಂದೊಂದು ಕರ್ನಲ್‌ಗೆ ಒಂದೊಂದು ಸಾಲು ಬರುತ್ತದೆ, ಸಾಲಿನ ಕೊನೆಯಲ್ಲಿ 'ಇನ್‌ಸ್ಟಾಲ್ಡ್' ಇರಬೇಕು. ಹೊಸ ಕರ್ನಲ್‌ನ ಹೆಸರಿನ ಸಾಲೇ ಇಲ್ಲ, ಅಥವಾ ಬರೀ 'ಆ್ಯಡೆಡ್' ಅಂತ ನಿಂತಿದೆ ಅಂದರೆ ಕಟ್ಟುವ ಕೆಲಸ ಮುರಿದುಬಿದ್ದಿದೆ. ಈಗ ಯಾವ ಕರ್ನಲ್‌ನಲ್ಲಿ ಇದ್ದೀರಿ ಅನ್ನುವುದನ್ನು 'ಯುನೇಮ್ -ಆರ್' ಹೇಳುತ್ತದೆ.

ಮುರಿದುಬೀಳಲು ತೀರಾ ಸಾಮಾನ್ಯ ಕಾರಣ ಹೆಡರ್ಸ್, ಅಂದರೆ ಕರ್ನಲ್ಲಿನ ಅಳತೆ ಹೇಳುವ ಫೈಲುಗಳು, ಇಲ್ಲದಿರುವುದು. ಕರ್ನಲ್ ಬಂತು, ಅದರ ಹೆಡರ್ಸ್ ಪ್ಯಾಕೇಜ್ ಬರಲಿಲ್ಲ. ಅಳತೆಯೇ ಇಲ್ಲದೆ ಕಟ್ಟುವುದು ಹೇಗೆ? 'ಸುಡೋ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-' ಎಂದು ಬರೆದು ಅದಕ್ಕೆ ಅಂಟಿಸಿ ಹೊಸ ಕರ್ನಲ್‌ನ ಪೂರ್ತಿ ಹೆಸರು ಕೊಡಿ. ಹೆಡರ್ಸ್ ಇಳಿದ ಕೂಡಲೇ ಡಿಕೆಎಂಎಸ್ ತಾನಾಗಿ ಶುರು ಮಾಡಿಕೊಳ್ಳುತ್ತದೆ. ಮಾಡದಿದ್ದರೆ ಹೊಸ ಕರ್ನಲ್‌ಗೆ ಬೂಟ್ ಮಾಡಿ 'ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್'.

ಹೆಡರ್ಸ್ ಇದ್ದೂ ಸೋತರೆ ಲಾಗ್ ಓದಲೇಬೇಕು. ಡಿಕೆಎಂಎಸ್ ಸೋತಾಗ 'ಮೇಕ್.ಲಾಗ್' ಎಂಬ ಫೈಲ್ ಎಲ್ಲಿದೆ ಎಂದು ತಾನೇ ಹೇಳಿರುತ್ತದೆ. ಉದ್ದ ನೋಡಿ ಹೆದರಬೇಡಿ, 'ಎರರ್' ಎಂಬ ಪದ ಮೊದಲು ಕಾಣುವ ಜಾಗ ಸಾಕು, ಅದರ ಕೆಳಗಿನದೆಲ್ಲ ಅದರ ಪರಿಣಾಮ. ಇದಕ್ಕೆ ಒಳ್ಳೆಯ ನಿದರ್ಶನ ಉಬುಂಟು 22.04ರದು. ಅದರ ಮೂಲ ಕರ್ನಲ್ 5.15, ಸೋರ್ಸಿನಿಂದ ಮಾಡ್ಯೂಲ್ ಕಟ್ಟಿಕೊಡುವ ಡೀಫಾಲ್ಟ್ ಕಂಪೈಲರ್ ಜಿಸಿಸಿ 11. ಹೊಸ ಹಾರ್ಡ್‌ವೇರ್‌ಗೆಂದು ಆಮೇಲೆ ಕೊಟ್ಟ 6.5 ಕರ್ನಲನ್ನಾದರೋ ಜಿಸಿಸಿ 12ರಿಂದ ಕಟ್ಟಿದ್ದರು. 2024ರ ಫೆಬ್ರವರಿಯ 22.04.4 ಬಂದದ್ದೂ ಈ ಕರ್ನಲ್ ಜೊತೆಗೇ. ಎಷ್ಟೋ ಜನರ ಮಷೀನಿನಲ್ಲಿ ಜಿಸಿಸಿ 12 ಇರಲೇ ಇಲ್ಲ. ಡಿಕೆಎಂಎಸ್ ಇದ್ದ 11ನ್ನು ಹಿಡಿದು ಕೂತಿತು, ಕರ್ನಲ್ ಕೇಳಿದ ಒಂದು ಆಪ್ಷನ್ ಆ ಕಂಪೈಲರ್‌ಗೆ ಗೊತ್ತಿರಲಿಲ್ಲ, 'ಗುರುತಿಲ್ಲದ ಕಮಾಂಡ್-ಲೈನ್ ಆಪ್ಷನ್' ಅಂತ ಒಂದು ಸಾಲು ಬರೆದು ಕೈಚೆಲ್ಲಿತು. ಪರಿಹಾರ? 'ಸುಡೋ ಆಪ್ಟ್ ಇನ್‌ಸ್ಟಾಲ್ ಜಿಸಿಸಿ-12', ಆಮೇಲೆ ಡಿಕೆಎಂಎಸ್ ಇನ್ನೊಮ್ಮೆ. ಅಷ್ಟೇ. ಲಾಗ್ ಓದದವರು ಡ್ರೈವರ್ ಕಿತ್ತು ಹಾಕಿ, ಕಿತ್ತು ಹಾಕಿ ಸುಸ್ತಾದರು. ತಪ್ಪು ಡ್ರೈವರ್‌ನಲ್ಲಿ ಇರಲೇ ಇಲ್ಲವಲ್ಲ!

'ಡಿಕೆಎಂಎಸ್ ಸ್ಟೇಟಸ್' ಏನೂ ತೋರಿಸದೆ ಖಾಲಿ ಬಂದರೆ ಅದೂ ತಪ್ಪಲ್ಲ. ಉಬುಂಟು ತನ್ನ ಮಾಮೂಲಿ ಕರ್ನಲ್‌ಗಳಿಗೆ ಕಟ್ಟಿ, ಸಹಿ ಹಾಕಿದ ಮಾಡ್ಯೂಲ್‌ಗಳನ್ನು ಸಿದ್ಧ ಪ್ಯಾಕೇಜಾಗಿಯೂ ಕೊಡುತ್ತದೆ. ನಿಮ್ಮದು ಆ ವ್ಯವಸ್ಥೆ ಇರಬಹುದು. ಆಗ ಹೊಸ ಕರ್ನಲ್‌ನ ಪ್ಯಾಕೇಜ್ ಬಂದಿಲ್ಲ ಎಂದರ್ಥ; 'ಸುಡೋ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಸಾಮಾನ್ಯವಾಗಿ ತಂದುಕೊಡುತ್ತದೆ.

ಮಾಡ್ಯೂಲ್ 'ಇನ್‌ಸ್ಟಾಲ್ಡ್' ಅಂತ ಇದೆ, ಆದರೂ ಕಾರ್ಡ್ ಎದ್ದೇಳುವುದಿಲ್ಲ ಎನ್ನುವವರು ಹೊಸ ಕರ್ನಲ್‌ನಲ್ಲಿ 'ಸುಡೋ ಮಾಡ್‌ಪ್ರೋಬ್ ಎನ್ವಿಡಿಯಾ' ಕೊಟ್ಟು ಉತ್ತರ ನೋಡಿ. 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದು ಬಂದರೆ ಅಡ್ಡ ನಿಂತಿರುವುದು ಸೆಕ್ಯೂರ್ ಬೂಟ್, ಅಂದರೆ ನಂಬಿದ ಸಹಿ ಇಲ್ಲದ್ದನ್ನು ಓಡಿಸಲು ಬಿಡದ ಕಾವಲು. ನಿಮ್ಮ ಮಷೀನಿನಲ್ಲೇ ಕಟ್ಟಿದ ಮಾಡ್ಯೂಲ್‌ಗೆ ನಿಮ್ಮ ಮಷೀನಿನದೇ ಒಂದು ಕೀಲಿಯ ಸಹಿ ಬೀಳುತ್ತದೆ. ಆ ಕೀಲಿಯನ್ನು ಬೂಟ್ ವ್ಯವಸ್ಥೆಗೆ ಒಮ್ಮೆ ಪರಿಚಯ ಮಾಡಿಸಬೇಕು. ಡ್ರೈವರ್ ಹಾಕುವಾಗ ನಡುವೆ ಒಂದು ಪಾಸ್‌ವರ್ಡ್ ಕೇಳಿತ್ತಲ್ಲ, ಅದು ಇದಕ್ಕೇ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದು 'ಯಾವುದಾದರೂ ಕೀ ಒತ್ತಿ' ಎನ್ನುತ್ತದೆ, ಹತ್ತು ಸೆಕೆಂಡ್ ಕಾಯುತ್ತದೆ, ಆಮೇಲೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಬಹಳ ಜನ ಇದನ್ನು ಯಾವುದೋ ಎರರ್ ಅಂದುಕೊಂಡು ಬಿಟ್ಟುಬಿಡುತ್ತಾರೆ. ತಪ್ಪಿಹೋಗಿದ್ದರೆ 'ಸುಡೋ ಅಪ್ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ' ಕೊಡಿ, ತಾತ್ಕಾಲಿಕ ಪಾಸ್‌ವರ್ಡ್ ಇಡಿ, ರೀಸ್ಟಾರ್ಟ್ ಮಾಡಿ, ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್', ಅದೇ ಪಾಸ್‌ವರ್ಡ್, ರೀಬೂಟ್.

ಸೆಕ್ಯೂರ್ ಬೂಟ್ ಅನ್ನೇ ಆಫ್ ಮಾಡಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಕೆಲಸ ಆಗುತ್ತದೆ, ಆದರೆ ನನಗೆ ಅಷ್ಟು ಒಪ್ಪಿಗೆಯಿಲ್ಲ. ಪಕ್ಕದಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಬೀಗ) ಹಾಕಿದ ವಿಂಡೋಸ್ ಇದ್ದರಂತೂ ಅದು ಮುಂದಿನ ಸಲ ರಿಕವರಿ ಕೀ ಕೇಳಿ ಕೂರಬಹುದು. ಆ ಕೀ ಎಲ್ಲಿದೆ ಅಂತ ಗೊತ್ತಿಲ್ಲದವರು ಬಯೋಸ್‌ಗೆ ಕೈಹಾಕದಿರುವುದೇ ಕ್ಷೇಮ.

ಹಳೆ ಕಾರ್ಡ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಜಿಟಿಎಕ್ಸ್ 900 ಮತ್ತು 10 ಸರಣಿಗೆ, ಅಂದರೆ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ತಲೆಮಾರಿಗೆ, ಡ್ರೈವರಿನ 580 ಶಾಖೆಯೇ (ಆವೃತ್ತಿಗಳ ಸರಣಿಯೇ) ಕೊನೆ. 590ರಲ್ಲಿ ಅವಕ್ಕೆ ಜಾಗವಿಲ್ಲ. 2025ರ ಡಿಸೆಂಬರ್‌ನಲ್ಲಿ ಆರ್ಚ್ ಲಿನಕ್ಸ್ 590ಕ್ಕೆ ಹಾರಿದಾಗ, ಸೂಚನೆ ಓದದೆ ಅಪ್ಡೇಟ್ ಒತ್ತಿದ 1060 ಮಾಲೀಕರ ಪಾಡು ಊಹಿಸಿಕೊಳ್ಳಿ; ಅವರು 580ರ ಹಳೆ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಯಿತು. ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರಲ್ಲೇ ಶಾಖೆಯ ಸಂಖ್ಯೆ ಇರುವುದರಿಂದ ಸಾಮಾನ್ಯವಾಗಿ ಹೀಗೆ ತಾನಾಗಿ ಹಾರುವುದಿಲ್ಲ. ಆದರೆ ದೊಡ್ಡ ನಂಬರ್ ಅಂದರೆ ಒಳ್ಳೆಯದು ಎಂದು ನಾವೇ ಹಾರಿಸಿಬಿಡುತ್ತೇವೆ. ಹೆಸರಿನ ಕೊನೆಗೆ 'ಓಪನ್' ಇರುವ ಪ್ಯಾಕೇಜ್ ಕೂಡ ಇಂಥದೇ ಬಲೆ. ಅದು ಟ್ಯೂರಿಂಗ್ ಮತ್ತು ಆಮೇಲಿನ ಕಾರ್ಡ್‌ಗಳಿಗೆ ಮಾತ್ರ: ಜಿಟಿಎಕ್ಸ್ 1650ಕ್ಕೆ ಆಗುತ್ತದೆ, 1050ಕ್ಕೆ ಆಗುವುದಿಲ್ಲ. ಆರ್‌ಟಿಎಕ್ಸ್ 50 ಸರಣಿಗೆ ತದ್ವಿರುದ್ಧ, ಓಪನ್ ಬಿಟ್ಟು ಬೇರೆ ದಾರಿಯೇ ಇಲ್ಲ. ನಿಮ್ಮ ಕಾರ್ಡ್‌ಗೆ ಯಾವುದು ಅನ್ನುವುದನ್ನು 'ಉಬುಂಟು-ಡ್ರೈವರ್ಸ್ ಡಿವೈಸಸ್' ಕೊಟ್ಟರೆ 'ರೆಕಮೆಂಡೆಡ್' ಎಂದು ಗುರುತು ಹಾಕಿ ತೋರಿಸುತ್ತದೆ.

ಚಿಲ್ಲರೆ ವಿಷಯಗಳೂ ಕೆಲವಿವೆ. ಕಾರ್ಡಿನ ಸ್ಥಿತಿ ತೋರಿಸುವ 'ಎನ್ವಿಡಿಯಾ-ಎಸ್‌ಎಂಐ' ಕೊಟ್ಟಾಗ 'ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್' ಎಂದರೆ ರೀಸ್ಟಾರ್ಟ್ ಮಾಡಿ ಸಾಕು, ಹಳೆ ಮಾಡ್ಯೂಲ್ ಇನ್ನೂ ಮೆಮೊರಿಯಲ್ಲಿದೆ. ಬೂಟ್ ಪಾರ್ಟಿಷನ್ ತುಂಬಿದ್ದರೆ ಕರ್ನಲ್ ಅರ್ಧಕ್ಕೆ ನಿಂತಿರುತ್ತದೆ. 'ಡಿಎಫ್ -ಎಚ್' ನೋಡಿ, 'ಸುಡೋ ಆಪ್ಟ್ ಆಟೋರಿಮೂವ್' ಮಾಡಿ. ಇಂಟೆಲ್ ಜೊತೆ ಎನ್ವಿಡಿಯಾ ಇರುವ ಲ್ಯಾಪ್‌ಟಾಪಾದರೆ 'ಸುಡೋ ಪ್ರೈಮ್-ಸೆಲೆಕ್ಟ್ ಇಂಟೆಲ್' ಕೊಟ್ಟು ರೀಸ್ಟಾರ್ಟ್ ಮಾಡಿದರೆ ಇಂಟೆಲ್ ಮೇಲೆ ಡೆಸ್ಕ್‌ಟಾಪ್ ಬರುತ್ತದೆ, ಉಳಿದದ್ದನ್ನು ನಿಧಾನವಾಗಿ ಸರಿಮಾಡಬಹುದು. ಫೆಡೋರಾ ಎಂಬ ಬೇರೆ ಲಿನಕ್ಸ್ ಬಳಸುವವರು ಡ್ರೈವರನ್ನು ಆರ್‌ಪಿಎಂ ಫ್ಯೂಷನ್ ಎಂಬ ಪ್ಯಾಕೇಜ್ ಭಂಡಾರದಿಂದ ಹಾಕಿದ್ದರೆ, ಅಪ್ಡೇಟ್ ಮುಗಿದ ಕೂಡಲೇ ರೀಸ್ಟಾರ್ಟ್ ಒತ್ತಬೇಡಿ. ಅಲ್ಲಿ ಮಾಡ್ಯೂಲ್ ಕಟ್ಟುವ ಎಕೆಮಾಡ್ಸ್ ಹಿಂದೆ ಸದ್ದಿಲ್ಲದೆ ಕಟ್ಟುತ್ತಿರುತ್ತದೆ, ಐದು ನಿಮಿಷ ಕೊಡಿ.

ದಯವಿಟ್ಟು ಮಾಡಬೇಡಿ ಎನ್ನುವುದು ಒಂದೇ: ಈ ಗಡಿಬಿಡಿಯಲ್ಲಿ ಎನ್ವಿಡಿಯಾ ಸೈಟಿಗೆ ಹೋಗಿ 'ರನ್' ಫೈಲ್ ಇಳಿಸಿ ಓಡಿಸುವುದು. ಅದು ಉಬುಂಟುವಿನ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಆಪ್ಟ್‌ಗೆ ಹೇಳದೆ ಕೇಳದೆ ಫೈಲುಗಳನ್ನು ಹಾಕುತ್ತದೆ. ಆಪ್ಟ್ ಮುಂದಿನ ಅಪ್ಡೇಟಿನಲ್ಲಿ ಅವುಗಳ ಮೇಲೆ ತನ್ನದನ್ನು ಹಾಕುತ್ತದೆ, ಯಾರದು ಯಾವುದು ಎಂದು ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಈಗಾಗಲೇ ಓಡಿಸಿದ್ದರೆ ಮೊದಲು 'ಸುಡೋ ಎನ್ವಿಡಿಯಾ-ಅನ್‌ಇನ್‌ಸ್ಟಾಲ್', ಆಮೇಲೆ ಉಬುಂಟುವಿನ ಪ್ಯಾಕೇಜ್.

ಲಾಗ್‌ನಲ್ಲಿ ಕಂಡ ದೋಷಕ್ಕೆ ಇನ್ನೂ ಮದ್ದು ಬಂದಿಲ್ಲವಾದರೆ ಹಳೆ ಕರ್ನಲ್‌ನಲ್ಲೇ ಇರಿ. 'ಸುಡೋ ಆಪ್ಟ್-ಮಾರ್ಕ್ ಹೋಲ್ಡ್' ಎಂದು ಬರೆದು ಮುಂದೆ ಕರ್ನಲ್‌ನ ಮೂಲ ಪ್ಯಾಕೇಜಿನ ಹೆಸರು ಕೊಟ್ಟರೆ ಹೊಸ ಕರ್ನಲ್ ಬರುವುದು ನಿಲ್ಲುತ್ತದೆ. ಉಬುಂಟು 24.04ರ ಡೆಸ್ಕ್‌ಟಾಪ್‌ಗಳಲ್ಲಿ ಆ ಹೆಸರು ಹೆಚ್ಚಾಗಿ 'ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-24.04'. ಹೋಲ್ಡ್ ಇರುವಷ್ಟು ದಿನ ಕರ್ನಲ್‌ನ ಭದ್ರತಾ ತಿದ್ದುಪಡಿಗಳೂ ಬರುವುದಿಲ್ಲ, ಹಾಗಾಗಿ ಕ್ಯಾಲೆಂಡರ್‌ನಲ್ಲಿ ಒಂದು ತಾರೀಖು ಹಾಕಿಕೊಳ್ಳಿ, ಆವತ್ತು 'ಅನ್‌ಹೋಲ್ಡ್' ಕೊಟ್ಟು ಇನ್ನೊಮ್ಮೆ ಅಪ್ಡೇಟ್ ಮಾಡಿ, ರೀಸ್ಟಾರ್ಟ್ ಒತ್ತುವ ಮುಂಚೆ 'ಡಿಕೆಎಂಎಸ್ ಸ್ಟೇಟಸ್' ನೋಡಿ.